ಈ ಸ್ಪ್ಯಾನರಿನ ಊರು ಯಾವುದು?

ಸ್ಕೂಟರಿನ ಸೈಲೆನ್ಸರ್ ಬಿಚ್ಚಲು ಕುಳಿತಿದ್ದೆ. ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. 14ರ ಸ್ಪ್ಯಾನರ್ ಹಾಕಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಬೋಲ್ಟು ಅಲುಗಲಿಲ್ಲ, ಸ್ಪ್ಯಾನರಿನ ಬಾಯಿ ಅಗಲವಾಯಿತು. ಕೈ ಜಾರಿ ಗೆಣ್ಣುಗಳ ಚರ್ಮ ಕಿತ್ತು ಬಂತು. ರಕ್ತ ತೊಳೆದುಕೊಂಡು ಬಂದು ಸ್ಪ್ಯಾನರನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಬದಿಯಲ್ಲಿ ‘ಕ್ರೋಮ್ ವೆನೇಡಿಯಂ’ (ಗಟ್ಟಿ ಉಪಕರಣಗಳಿಗೆ ಬಳಸುವ ಮಿಶ್ರ ಉಕ್ಕು) ಎಂಬ ಅಕ್ಷರಗಳು, ಇನ್ನೊಂದು ಬದಿಯಲ್ಲಿ 14 ಮತ್ತು 15 ಎಂಬ ಅಂಕಿಗಳು. ಮಾಡಿದವರ ಹೆಸರಿಲ್ಲ, ಊರಿಲ್ಲ, ದೇಶವಿಲ್ಲ.

ಡಬ್ಬಿಯ ಮೇಲೆ ಏನಿತ್ತು ಎಂಬುದು ಚೆನ್ನಾಗಿ ನೆನಪಿತ್ತು. ದಪ್ಪ ಅಕ್ಷರಗಳಲ್ಲಿ ‘ಜರ್ಮನ್ ಟೆಕ್ನಾಲಜಿ’, ಪಕ್ಕದಲ್ಲಿ ಜರ್ಮನಿಯ ಬಾವುಟದ ಕಪ್ಪು, ಕೆಂಪು, ಹಳದಿ ಪಟ್ಟಿ. ಆ ಡಬ್ಬಿ ಕೊಂಡ ವಾರದಲ್ಲೇ ಕಸಕ್ಕೆ ಹೋಗಿತ್ತು. ಬಾಯಿ ಬಿಟ್ಟ ಸ್ಪ್ಯಾನರನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. “ಡಬ್ಬಿ ತಂದಿದ್ದೀರಾ ಸರ್? ತರಿಸಿದವರ ವಿಳಾಸ ಅದರ ಮೇಲೆ ಇರುತ್ತದೆ. ಡಬ್ಬಿ ಇಲ್ಲದೆ ನಾನು ಯಾರನ್ನು ಕೇಳಲಿ?” ಎಂದರು ಅಂಗಡಿಯವರು. ಅವರು ತಪ್ಪು ಹೇಳಲಿಲ್ಲ. ನಮ್ಮ ಕಾನೂನು ಕೂಡ ಕೇಳುವುದು ಡಬ್ಬಿಯನ್ನೇ.

ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ ಮತ್ತು ಅಳತೆಯ ಕಾನೂನಿನ, 2011ರ ಪೊಟ್ಟಣ ಸಾಮಗ್ರಿ ನಿಯಮಗಳಿಗೆ 2017ರಲ್ಲಿ ತಿದ್ದುಪಡಿಯಾಗಿ, 2018ರ ಜನವರಿಯಿಂದ ಆಮದು ಸರಕಿನ ಪೊಟ್ಟಣದ ಮೇಲೆ ದೇಶದ ಹೆಸರು ಹಾಕುವುದು ಕಡ್ಡಾಯವಾಯಿತು. ಯಾವ ದೇಶ? ಮೂಲ ದೇಶ ಅಥವಾ ತಯಾರಾದ ದೇಶ ಅಥವಾ ಜೋಡಣೆಯಾದ ದೇಶ ಎನ್ನುತ್ತದೆ ನಿಯಮ. ಆ ಎರಡು ‘ಅಥವಾ’ಗಳನ್ನು ಗಮನಿಸಿ. ಒಂದು ದೇಶದಲ್ಲಿ ಬಡಿದು, ಇನ್ನೊಂದರಲ್ಲಿ ಹೊಳಪು ಕೊಟ್ಟು, ಮೂರನೆಯದರಲ್ಲಿ ಹಿಡಿಕೆ ಕೂರಿಸಿದ ಸ್ಕ್ರೂ ಡ್ರೈವರಿಗೆ ಇವುಗಳಲ್ಲಿ ಯಾವ ಹೆಸರು ಸರಿ ಎಂದು ಈ ವಾಕ್ಯ ಹೇಳುವುದಿಲ್ಲ.

ಇನ್ನೊಂದು ಕಿಂಡಿಯೂ ಇದೆ. ಕೊಳ್ಳುವವನು ಎದುರಿಲ್ಲದಿರುವಾಗ, ಮೊದಲೇ ನಿಗದಿಯಾದ ಪ್ರಮಾಣದಲ್ಲಿ ಪೊಟ್ಟಣಕ್ಕೆ ಸೇರಿಸಿದ ಸರಕಿಗೆ ಮಾತ್ರ ಈ ನಿಯಮಗಳು ಅನ್ವಯಿಸುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಸುತ್ತಿಗೆ, ಉಳಿ, ಕಟಿಂಗ್ ಪ್ಲೇಯರ್‌ಗಳು ಮೊಳೆಗೆ ತೂಗುಬಿದ್ದಿರುತ್ತವೆ, ಬಕೆಟ್‌ನಲ್ಲಿ ರಾಶಿಯಾಗಿರುತ್ತವೆ. ಪೊಟ್ಟಣವೇ ಇಲ್ಲದ ಮೇಲೆ ಪೊಟ್ಟಣದ ನಿಯಮಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

2020ರ ಜೂನ್‌ನಲ್ಲಿ ಚೀನಾದೊಂದಿಗೆ ಗಲ್ವಾನ್ ಘರ್ಷಣೆ ನಡೆದ ಕೆಲವೇ ದಿನಗಳಲ್ಲಿ ಸರ್ಕಾರದ ಜೆಮ್ ಖರೀದಿ ಜಾಲತಾಣದಲ್ಲಿ ಮೂಲ ದೇಶ ನಮೂದಿಸುವುದು ಕಡ್ಡಾಯವಾಯಿತು. ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಖಾಸಗಿ ಆನ್‌ಲೈನ್ ಮಾರಾಟಗಾರರಿಗೂ ಅದನ್ನು ವಿಧಿಸಿದವು. 2025ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್ನೊಂದು ಕರಡು ಹೊರಡಿಸಿತು: ಆಮದು ಸರಕನ್ನು ದೇಶವಾರು ಹುಡುಕಲು, ವಿಂಗಡಿಸಲು ಆನ್‌ಲೈನ್ ಮಳಿಗೆಗಳು ಅನುಕೂಲ ಮಾಡಿಕೊಡಬೇಕು ಎಂದು. ಒಳ್ಳೆಯ ಹೆಜ್ಜೆಯೇ. ಆದರೆ ವಿಂಗಡಿಸುವ ಮಾಹಿತಿಗೆ ಆಧಾರ ಮಾರಾಟಗಾರ ತುಂಬಿದ ಒಂದು ಖಾನೆ. ಪರದೆಯ ಮೇಲಿನ ಆ ಖಾನೆಗೂ ಮನೆಗೆ ಬಂದ ಉಕ್ಕಿಗೂ ನಡುವೆ ಕೊಂಡಿ ಇರಬೇಕಾದರೆ ಉಕ್ಕಿನ ಮೇಲೆ ಏನಾದರೂ ಬರೆದಿರಬೇಕು.

ಅಷ್ಟಕ್ಕೂ ಒಂದು ಸ್ಪ್ಯಾನರ್ ‘ಎಲ್ಲಿ’ ಹುಟ್ಟುತ್ತದೆ? ಮಿಶ್ರ ಉಕ್ಕಿನ ಸರಳನ್ನು ತುಂಡು ಮಾಡಿ, ಕುಲುಮೆಯಲ್ಲಿ ಕೆಂಡದ ಬಣ್ಣಕ್ಕೆ ಬರುವವರೆಗೆ ಕಾಯಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಭಾರಿ ಸುತ್ತಿಗೆಯಿಂದ ಬಡಿಯುತ್ತಾರೆ. ಒಂದೆರಡು ಪೆಟ್ಟಿಗೆ ಹಿಡಿ, ತಲೆ, ಬಾಯಿಯ ಆಕಾರ ಬರುತ್ತದೆ. ಅಚ್ಚಿನ ಅಂಚಿನಲ್ಲಿ ಹೊರಚಿಮ್ಮಿದ ಲೋಹವನ್ನು ಕತ್ತರಿಸುತ್ತಾರೆ. ಬಾಯಿಯನ್ನು ನಿಖರವಾದ ಅಳತೆಗೆ ಕೊರೆಯುತ್ತಾರೆ. ಆಮೇಲೆ ಹದ. ಸುಮಾರು 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ, ಜೊತೆಗೆ ಸುಲಭವಾಗಿ ಮುರಿಯುವಷ್ಟು ಪೆಡಸೂ ಆಗುತ್ತದೆ. ಮತ್ತೆ ಕಡಿಮೆ ಉಷ್ಣದಲ್ಲಿ ಕಾಯಿಸಿ ಆ ಪೆಡಸನ್ನು ಇಳಿಸುತ್ತಾರೆ. ಕೊನೆಗೆ ಉಜ್ಜಿ, ನಿಕ್ಕಲ್ ಮತ್ತು ಕ್ರೋಮ್ ಲೇಪ ಕೊಡುತ್ತಾರೆ. ಈ ಕೆಲಸಗಳೆಲ್ಲ ಒಂದೇ ಸೂರಿನಡಿ ಆಗಬೇಕೆಂದೇನೂ ಇಲ್ಲ, ಒಂದೇ ದೇಶದಲ್ಲಿ ಆಗಬೇಕೆಂದೂ ಇಲ್ಲ.

ನಮ್ಮ ಹಳ್ಳಿಗಳ ಕಮ್ಮಾರಸಾಲೆಯಲ್ಲಿ ಕುಡಗೋಲು ತಟ್ಟುವುದನ್ನು ನೋಡಿದವರಿಗೆ ಹದದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಆಕಾರ ಕೊಡಲು ಕಲಿತವನು ಇನ್ನೂ ಅರ್ಧ ಕಮ್ಮಾರ. ಕೆಂಪಗೆ ಕಾದ ಅಲಗನ್ನು ಯಾವ ಬಣ್ಣದಲ್ಲಿ ಹೊರತೆಗೆಯಬೇಕು, ನೀರಿನಲ್ಲಿ ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಕಣ್ಣಿಗೆ ಹತ್ತಿದ ಮೇಲೆಯೇ ಅವನ ಕುಡಗೋಲಿಗೆ ಗಿರಾಕಿ. ಹದ ಹೆಚ್ಚಾದರೆ ಅಲಗು ಹಲ್ಲು ಬೀಳುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ನನ್ನ 14ರ ಸ್ಪ್ಯಾನರಿನ ಬಾಯಿ ಮುರಿಯಲಿಲ್ಲ, ಅಗಲವಾಯಿತು. ಅಂದರೆ ಉಕ್ಕು ಮೆತ್ತಗಿತ್ತು. ಹದ ತಪ್ಪಿತ್ತು, ಇಲ್ಲವೇ ಕ್ರೋಮ್ ವೆನೇಡಿಯಂ ಎಂಬ ಮಾತೇ ಸುಳ್ಳಾಗಿತ್ತು.

ಈ ಹದದ ಪ್ರಶ್ನೆಯೇ ಒಮ್ಮೆ ಅಮೆರಿಕದ ನ್ಯಾಯಾಲಯದ ಕಟ್ಟೆ ಹತ್ತಿತ್ತು. ಮೂಲ ದೇಶದ ವಿಚಾರದಲ್ಲಿ ಅಮೆರಿಕದ ಕಾನೂನು ಹಳೆಯದು, ಗಟ್ಟಿಯಾದದ್ದು. 1930ರ ಸುಂಕ ಕಾಯ್ದೆಯ 304ನೇ ಸೆಕ್ಷನ್ ಪ್ರಕಾರ ಹೊರಗಿನಿಂದ ಬಂದ ಪ್ರತಿಯೊಂದು ವಸ್ತುವಿನ ಮೇಲೂ, ಕೊನೆಗೆ ಅದನ್ನು ಕೊಳ್ಳುವವನಿಗೆ ಕಾಣುವಂತೆ, ಅಳಿಸಿಹೋಗದಂತೆ ದೇಶದ ಹೆಸರು ಇರಬೇಕು. ಹಾಗಾದರೆ ಅರ್ಧ ಕೆಲಸ ಹೊರಗೆ, ಅರ್ಧ ಕೆಲಸ ಒಳಗೆ ಆದ ವಸ್ತುವಿನ ದೇಶ ಯಾವುದು? 1908ರ ಒಂದು ತೀರ್ಪಿನಿಂದ ಬಂದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಹೊಸ ಹೆಸರು, ಹೊಸ ಗುಣ, ಹೊಸ ಬಳಕೆ ಇರುವ ವಸ್ತು ಎಲ್ಲಿ ಹುಟ್ಟಿತೋ ಅದೇ ಅದರ ದೇಶ.

ನ್ಯಾಷನಲ್ ಹ್ಯಾಂಡ್ ಟೂಲ್ ಎಂಬ ಕಂಪನಿ ತೈವಾನ್‌ನಲ್ಲಿ ಬಡಿದು ಆಕಾರ ಕೊಟ್ಟ ಸಾಕೆಟ್ (ಬೋಲ್ಟಿನ ತಲೆಯ ಮೇಲೆ ಕೂರುವ ಬಟ್ಟಲು) ಮತ್ತು ಹಿಡಿಗಳ ಭಾಗಗಳನ್ನು ಅಮೆರಿಕಕ್ಕೆ ತರಿಸುತ್ತಿತ್ತು. ಅವುಗಳಿಗೆ ಹದ ಕೊಡುವುದು, ಉಜ್ಜುವುದು, ನಿಕ್ಕಲ್ ಮತ್ತು ಕ್ರೋಮ್ ಲೇಪ ಕೊಡುವುದು, ಜೋಡಿಸುವುದು ಎಲ್ಲವೂ ಅಮೆರಿಕದಲ್ಲೇ ನಡೆಯುತ್ತಿತ್ತು. ಆದ್ದರಿಂದ ತೈವಾನ್ ಎಂದು ಮುದ್ರೆ ಹಾಕಬೇಕಾಗಿಲ್ಲ ಎಂಬುದು ಕಂಪನಿಯ ವಾದ. 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹಡಗಿನಿಂದ ಇಳಿಯುವಾಗಲೂ ಅದು ಸಾಕೆಟ್, ಅಂಗಡಿ ಸೇರುವಾಗಲೂ ಸಾಕೆಟ್. ಆಕಾರ ಬದಲಾಗಲಿಲ್ಲ, ಯಾವುದಕ್ಕೆ ಬಳಕೆಯಾಗಬೇಕು ಎಂಬುದು ತೈವಾನ್‌ನಲ್ಲೇ ನಿರ್ಧಾರವಾಗಿತ್ತು. ಅಮೆರಿಕದಲ್ಲಿ ಎಷ್ಟು ಮೌಲ್ಯ ಸೇರಿತು ಎಂಬುದು ಇದನ್ನು ಬದಲಿಸಲಾರದು. ಮರುವರ್ಷ ಮೇಲ್ಮನವಿಯಲ್ಲೂ ಇದೇ ತೀರ್ಪು ಉಳಿಯಿತು.

ಇದಕ್ಕೆ ಐದು ವರ್ಷ ಮೊದಲು, 1987ರಲ್ಲಿ, ಇದೇ ನ್ಯಾಯಾಲಯದ ಮುಂದೆ ಉಕ್ಕಿನ ತಗಡಿನ ಪ್ರಕರಣವೊಂದು ಬಂದಿತ್ತು. ಜಪಾನಿನ ತಗಡನ್ನು ನ್ಯೂಜಿಲೆಂಡ್‌ನಲ್ಲಿ ಕಾಯಿಸಿ ಹದಗೊಳಿಸಿ ಸತುವಿನ ಲೇಪ ಕೊಡಲಾಗಿತ್ತು. ಅಲ್ಲಿ ನ್ಯಾಯಾಲಯ, ಇದು ಹೊಸ ವಸ್ತು, ಇದರ ದೇಶ ನ್ಯೂಜಿಲೆಂಡ್ ಎಂದಿತು. ತಗಡಿಗೆ ಹದ ಮತ್ತು ಲೇಪ ಬಿದ್ದರೆ ದೇಶ ಬದಲಾಗುತ್ತದೆ, ಸಾಕೆಟ್‌ಗೆ ಬಿದ್ದರೆ ಬದಲಾಗುವುದಿಲ್ಲ. ಎರಡು ತೀರ್ಪುಗಳಿಗೂ ಅವುಗಳದೇ ತರ್ಕವಿದೆ. ತಗಡು ಇನ್ನೂ ಕಚ್ಚಾವಸ್ತು, ಅದರಿಂದ ಏನು ಬೇಕಾದರೂ ಆಗಬಹುದು. ಸಾಕೆಟ್ ಸಾಕೆಟ್ಟೇ.

ನನ್ನ ಮಟ್ಟಿಗೆ 1992ರ ತೀರ್ಪು ಸರಿಯಾದದ್ದು. ಅದು ಬೇರೆಯಾಗಿದ್ದರೆ ಯಾರದೋ ಕುಲುಮೆಯ ಕೆಲಸಕ್ಕೆ ಹೊಳಪು ಕೊಟ್ಟವರೆಲ್ಲ ತಮ್ಮ ದೇಶದ ಹೆಸರು ಹೊಡೆಯುತ್ತಿದ್ದರು. ಆದರೆ ಅದೇ ತರ್ಕವನ್ನು ತಿರುಗಿಸಿ ನೋಡಿ. ಜರ್ಮನಿಯಲ್ಲಿ ಬಡಿದ ಸ್ಪ್ಯಾನರ್ ಬೇರೆಲ್ಲೋ ಕೆಟ್ಟ ಹದ ಪಡೆದು ಬಂದರೂ ಅದು ಜರ್ಮನಿಯದೇ ಆಗುತ್ತದೆ. ಸುಂಕದ ಅಧಿಕಾರಿಗೆ ಬೇಕಾದ ಉತ್ತರ ಆಕಾರದಲ್ಲಿದೆ, ಗೆಣ್ಣು ಕಿತ್ತುಕೊಂಡವನಿಗೆ ಬೇಕಾದ ಉತ್ತರ ಹದದಲ್ಲಿದೆ. ಒಂದೇ ದೇಶದ ಹೆಸರು ಇಬ್ಬರಿಗೂ ಉತ್ತರ ಕೊಡಲಾರದು. ಅದಕ್ಕೇ ದೇಶದ ಜೊತೆಗೆ ತಯಾರಕನ ಗುರುತೂ ಉಕ್ಕಿನ ಮೇಲೆ ಇರಬೇಕು ಎನ್ನುತ್ತೇನೆ. ಯಾವ ಕೆಲಸ ಎಲ್ಲಿ ಮಾಡಿಸಿದ್ದರೂ ಕೊನೆಗೆ ಹೊಣೆ ಹೊರುವವನು ಒಬ್ಬ ಬೇಕಲ್ಲ.

ಅಮೆರಿಕದಲ್ಲೂ ಒಂದು ಖಾಲಿ ಜಾಗವಿದೆ. ‘ಮೇಡ್ ಇನ್ ಯುಎಸ್ಎ’ ಎಂದು ಹಾಕಿಕೊಳ್ಳಲು ಬೇಕಾದ ಅರ್ಹತೆಯನ್ನು ಸುಂಕ ಇಲಾಖೆ ನಿರ್ಧರಿಸುವುದಿಲ್ಲ, ಫೆಡರಲ್ ಟ್ರೇಡ್ ಕಮಿಷನ್ ನಿರ್ಧರಿಸುತ್ತದೆ. ಅದರ ಅಳತೆ ಇನ್ನೂ ಬಿಗಿ: ವಸ್ತುವಿನ ಎಲ್ಲವೂ ಅಥವಾ ಹೆಚ್ಚುಕಡಿಮೆ ಎಲ್ಲವೂ ಅಮೆರಿಕದ್ದಾಗಿರಬೇಕು. 2006ರಲ್ಲಿ ಸ್ಟ್ಯಾನ್ಲಿ ವರ್ಕ್ಸ್ ಕಂಪನಿ ಬೋಲ್ಟು ತಿರುಗಿಸುವ ತನ್ನ ಒಂದು ಬಗೆಯ ರ್‍ಯಾಚೆಟ್‌ಗಳ ಮೇಲೆ ಹಾಕಿದ್ದ ಇಂಥ ಹೇಳಿಕೆಗಾಗಿ 2,05,000 ಡಾಲರ್ ದಂಡ ತೆತ್ತಿತು. 2021ರಲ್ಲಿ ಈ ಅಳತೆ ನಿಯಮದ ರೂಪದಲ್ಲೇ ಬಂತು. ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಹೊರಗಿನ ಬಿಡಿಭಾಗಗಳು ಅಮೆರಿಕದಲ್ಲಿ ಹೊಸ ವಸ್ತುವಾಗಿ ಮಾರ್ಪಟ್ಟರೆ ಅದಕ್ಕೆ ವಿದೇಶದ ಮುದ್ರೆ ಬೇಕಿಲ್ಲ. ಬಿಡಿಭಾಗ ಹೊರಗಿನದಾದ್ದರಿಂದ ಅಮೆರಿಕದ ಮುದ್ರೆಯನ್ನೂ ಹಾಕುವಂತಿಲ್ಲ. ಹಾಗೆ ಯಾವ ಮುದ್ರೆಯೂ ಇಲ್ಲದೆ, ಪೂರ್ತಿ ಕಾನೂನುಬದ್ಧವಾಗಿ, ಉಪಕರಣ ಅಂಗಡಿಗೆ ಬರುತ್ತದೆ.

ಬ್ರ್ಯಾಂಡ್ ನೋಡಿ ದೇಶ ಊಹಿಸುವುದಂತೂ ಎಲ್ಲ ಕಡೆ ಕೈಕೊಡುತ್ತದೆ. ಅಮೆರಿಕದ ತಲೆಮಾರುಗಳು ಮೆಚ್ಚಿದ ಕ್ರಾಫ್ಟ್ಸ್‌ಮನ್ ಹೆಸರು 1927ರಿಂದ 2017ರವರೆಗೆ ಸಿಯರ್ಸ್ ಎಂಬ ಮಾರಾಟ ಕಂಪನಿಯದಾಗಿತ್ತು. ಆ ಉಪಕರಣಗಳನ್ನು ಮಾಡಿದ್ದು ಬೇರೆ ಬೇರೆ ಕಾರ್ಖಾನೆಗಳು. ಸ್ಕ್ರೂ ಡ್ರೈವರ್ ಮತ್ತು ಪ್ಲೇಯರ್‌ಗಳನ್ನು ಮಾಡಿಕೊಡುತ್ತಿದ್ದ ಕೊಲರಾಡೊದ ವೆಸ್ಟರ್ನ್ ಫೋರ್ಜ್ 2020ರಲ್ಲಿ ಬಾಗಿಲು ಮುಚ್ಚಿತು. 2017ರಲ್ಲಿ ಹೆಸರನ್ನು ಕೊಂಡ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ, ತಯಾರಿಕೆಯನ್ನು ತಾಯ್ನಾಡಿಗೆ ತರುತ್ತೇವೆಂದು ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಸುಮಾರು 9 ಕೋಟಿ ಡಾಲರ್ ವೆಚ್ಚದ ಕಾರ್ಖಾನೆಯನ್ನು 2019ರಲ್ಲಿ ಘೋಷಿಸಿ, 2023ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ಜರ್ಮನಿಯ ವೆರಾ ಸ್ಕ್ರೂ ಡ್ರೈವರ್‌ಗಳು ಜೆಕ್ ಗಣರಾಜ್ಯದಲ್ಲಿ ತಯಾರಾಗುತ್ತವೆ. ಸ್ವೀಡನ್‌ನ ಹೆಮ್ಮೆಯಾದ ಬಾಕೊ ಅಡ್ಜಸ್ಟಬಲ್ ಸ್ಪ್ಯಾನರ್ ಈಗ ಸ್ಪೇನ್‌ನಿಂದ ಬರುತ್ತದೆ. ಎರಡೂ ಒಳ್ಳೆಯ ಉಪಕರಣಗಳೇ, ತಯಾರಾದ ದೇಶದ ಹೆಸರನ್ನು ಅವು ಮುಚ್ಚಿಡುವುದೂ ಇಲ್ಲ.

ದೇಶದ ಹೆಸರು ಗುಣಮಟ್ಟದ ಖಾತರಿ ಅಲ್ಲ ಎಂಬುದಕ್ಕೆ ಇತಿಹಾಸದಲ್ಲೇ ದೊಡ್ಡ ಸಾಕ್ಷಿಯಿದೆ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ತಮ್ಮ ದೇಶದ ಸರಕನ್ನು ಕಂಡ ಜರ್ಮನಿಯ ಎಂಜಿನಿಯರ್ ಫ್ರಾಂಟ್ಸ್ ರೂಲೋ ಅದನ್ನು ಅಗ್ಗದ್ದು, ಕಳಪೆ ಎಂದು ಬಹಿರಂಗವಾಗಿ ಜರೆದಿದ್ದರು. ಜೋಲಿಂಗನ್‌ನ, ಅಂದರೆ ಜರ್ಮನಿಯ ಒಂದು ಊರಿನ, ಚಾಕುಗಳು ಆಗ ಇಂಗ್ಲೆಂಡಿನ ಶೆಫೀಲ್ಡ್ ಹೆಸರಿನ ನಕಲಿ ಮುದ್ರೆ ಹೊತ್ತು ಮಾರಾಟವಾಗುತ್ತಿದ್ದವು. ಶೆಫೀಲ್ಡ್‌ನವರ ಒತ್ತಾಯದಿಂದ ಹೊರಗಿನ ಸರಕಿನ ಮೂಲ ತಿಳಿಯುವಂತೆ 1887ರಲ್ಲಿ ಬ್ರಿಟನ್ ಸರಕು ಮುದ್ರೆ ಕಾಯ್ದೆ ತಂದಿತು. ‘ಮೇಡ್ ಇನ್ ಜರ್ಮನಿ’ ಎಂಬುದು ಆಗ ಎಚ್ಚರಿಕೆಯ ಹಲಗೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಹೆಮ್ಮೆಯ ಮಾತಾಯಿತು, ಏಕೆಂದರೆ ಹೆಸರು ಮೈಮೇಲೆ ಬಿದ್ದ ಮೇಲೆ ಜರ್ಮನಿಯ ಕುಶಲಕರ್ಮಿಗಳಿಗೆ ಅದನ್ನು ಉಳಿಸಿಕೊಳ್ಳುವ ಹಟ ಬಂತು. ಜೋಲಿಂಗನ್ ಇಂದು ಕಾನೂನಿನ ರಕ್ಷಣೆ ಪಡೆದ ಹೆಸರು. ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಪ್ರದೇಶದಲ್ಲೇ ನಡೆದಿದ್ದರೆ ಮಾತ್ರ ಅಲಗಿನ ಮೇಲೆ ಆ ಹೆಸರು ಬೀಳಬೇಕು.

ಈ ಕತೆಯಲ್ಲಿ ನಮ್ಮ ದೇಶಕ್ಕೆ ಬೇಕಾದ ಪಾಠವಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಪಂಜಾಬಿನ ಜಲಂಧರ್ ಮತ್ತು ಲುಧಿಯಾನ, ರಾಜಸ್ಥಾನದ ನಾಗೌರ್ ಕೈ ಉಪಕರಣಗಳ ಊರುಗಳು. ನಾಸಿಕ್‌ನ ತಪಾರಿಯಾ ಸ್ವೀಡನ್‌ನ ತಾಂತ್ರಿಕ ಸಹಯೋಗದಲ್ಲಿ ಶುರುವಾಗಿ ಇಂದು ಕರ್ನಾಟಕದ ಬಹುತೇಕ ಎಲೆಕ್ಟ್ರಿಷಿಯನ್‌ಗಳ ಚೀಲದಲ್ಲಿರುವ ಹೆಸರು. ಆದರೂ ನೀತಿ ಆಯೋಗ 2025ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು 3,400 ಕೋಟಿ ಡಾಲರ್‌ಗಳ ಜಾಗತಿಕ ಕೈ ಉಪಕರಣ ವ್ಯಾಪಾರದಲ್ಲಿ ಚೀನಾದ ರಫ್ತು ಸುಮಾರು 1,300 ಕೋಟಿ, ನಮ್ಮದು 60 ಕೋಟಿ ಡಾಲರ್, ಅಂದರೆ ಶೇ. 1.8. ಕಚ್ಚಾವಸ್ತುವಿನ ಬೆಲೆ, ಬಡ್ಡಿ, ಸಾಗಣೆ ಎಲ್ಲ ಸೇರಿ ಚೀನಾಕ್ಕಿಂತ ನಮಗೆ ಶೇ. 14ರಿಂದ 17ರಷ್ಟು ಹೆಚ್ಚು ಖರ್ಚು ಬೀಳುತ್ತದೆ ಎಂದೂ ಆ ವರದಿ ಲೆಕ್ಕ ಹಾಕಿದೆ.

ಆ 60 ಕೋಟಿಯ ಸರಕಿನಲ್ಲೂ ಬಹಳಷ್ಟು ಹೋಗುವುದು ಬೇರೆಯವರ ಬ್ರ್ಯಾಂಡ್ ಹೊತ್ತು. ಆದರೆ ಅಮೆರಿಕಕ್ಕೆ ಹೋಗುವ ಪ್ಲೇಯರಿನ ಮೇಲೆ ‘ಇಂಡಿಯಾ’ ಇರಲೇಬೇಕು, ಅದೂ ಉಕ್ಕಿನ ಮೇಲೆ. ಚಾಕು, ಕತ್ತರಿ, ಪ್ಲೇಯರ್, ಇಕ್ಕಳ, ಶಸ್ತ್ರಚಿಕಿತ್ಸೆಯ ಉಪಕರಣಗಳಂಥ ಕೆಲವು ವಸ್ತುಗಳ ಹೆಸರು ಹಿಡಿದು ಅಲ್ಲಿನ ಸುಂಕ ನಿಯಮ ಹೇಳುತ್ತದೆ: ಚೀಟಿ ಅಂಟಿಸಿದರೆ ಸಾಲದು, ಅಚ್ಚೊತ್ತಬೇಕು, ಕೆತ್ತಬೇಕು, ಆಮ್ಲದಿಂದ ಕೊರೆಯಬೇಕು ಅಥವಾ ಲೋಹದ ಫಲಕ ಜಡಿಯಬೇಕು. ಮ್ಯಾನ್‌ಹೋಲ್ ಮುಚ್ಚಳಗಳಿಗೆ 1984ರಿಂದ ಇನ್ನೂ ಕಟ್ಟುನಿಟ್ಟು, ಮೇಲ್ಮೈಯಲ್ಲೇ ದೇಶದ ಹೆಸರು ಇರಬೇಕು. ನ್ಯೂಯಾರ್ಕಿನ ಬೀದಿಯಲ್ಲಿ ನಡೆಯುವ ಕನ್ನಡಿಗರು ಕಾಲ ಕೆಳಗೆ ನೋಡಿದರೆ ‘ಮೇಡ್ ಇನ್ ಇಂಡಿಯಾ’ ಎಂಬ ಎರಕದ ಅಕ್ಷರಗಳು ಕಾಣುತ್ತವೆ. ಹೌರಾದ ಎರಕದ ಮನೆಗಳಲ್ಲಿ ಬರಿಗಾಲಿನಲ್ಲಿ ದುಡಿದ ಜನರ ಕೆಲಸ ಅದು. ಆ ಕಾರ್ಮಿಕರ ಸ್ಥಿತಿಗತಿಯ ಸುದ್ದಿಯೂ 2007ರಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂತು.

ಒಂದೇ ಜಲಂಧರಿನ ಪ್ಲೇಯರ್ ಅಮೆರಿಕಕ್ಕೆ ಹೋಗುವಾಗ ದೇಶದ ಗುರುತು ಹೊತ್ತು ಹೋಗಬೇಕು, ಹುಬ್ಬಳ್ಳಿಗೆ ಬರುವಾಗ ಹಾಗೇ ಬರಬಹುದು. ಇದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗುತ್ತಿಲ್ಲ.

ಸುಂಕದ ಕಾರಣಕ್ಕೂ ಈ ಗುರುತು 2025ರಲ್ಲಿ ದುಬಾರಿ ವಿಷಯವಾಯಿತು. 2025ರ ಜುಲೈ 31ರ ಆದೇಶದಲ್ಲಿ ಅಮೆರಿಕ, ಒಂದು ದೇಶದ ಸರಕನ್ನು ಇನ್ನೊಂದು ದೇಶದ ಹೆಸರಿನಲ್ಲಿ ದಾಟಿಸಿದರೆ ಶೇ. 40 ಸುಂಕ ಎಂದಿತು. ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕುಗಳ ಮೇಲೆ ಶೇ. 50 ಸುಂಕ ಬಿತ್ತು. ಸುಂಕದ ದರ ದೇಶದಿಂದ ದೇಶಕ್ಕೆ ಇಷ್ಟು ಬದಲಾದಾಗ ಹುಟ್ಟೂರನ್ನು ಮರೆಮಾಚುವ ಆಸೆಯೂ ಬೆಳೆಯುತ್ತದೆ. ಅತ್ತ ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯ ಸರಕಿಗೆ ಮೂಲ ದೇಶದ ಗುರುತು ಕಡ್ಡಾಯವೇ ಅಲ್ಲ. 2013ರಲ್ಲಿ ಬಂದ ಪ್ರಸ್ತಾವ ಸದಸ್ಯ ದೇಶಗಳ ಒಮ್ಮತವಿಲ್ಲದೆ ಬಿದ್ದುಹೋಯಿತು.

ನಮ್ಮಲ್ಲಿ ಸದ್ಯಕ್ಕೆ ಕೊಳ್ಳುವವನ ಕೈಗೆ ಸಿಗುವ ಗಟ್ಟಿ ಆಧಾರ ಐಎಸ್ಐ ಗುರುತು. ಅದರ ಜೊತೆ ಇರುವ ಸಿಎಂ/ಎಲ್ ಸಂಖ್ಯೆ ಒಂದು ನಿರ್ದಿಷ್ಟ ಕಾರ್ಖಾನೆಗೆ ಕೊಟ್ಟ ಪರವಾನಗಿಯದು. ಭಾರತೀಯ ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಪರವಾನಗಿ, ಅದು ಊರ್ಜಿತದಲ್ಲಿದೆಯೇ ಎಂದು ತಿಳಿಯುತ್ತದೆ. ಬ್ರ್ಯಾಂಡಿನ ಹೆಸರಿಗಿಂತ, ಡಬ್ಬಿಯ ಮೇಲಿನ ಬಾವುಟಕ್ಕಿಂತ ಈ ಸಂಖ್ಯೆಯನ್ನು ನಾನು ಹೆಚ್ಚು ನಂಬುತ್ತೇನೆ.

ಬಾವುಟದ ಮಾತಿಗೆ ಬಂದರೆ, ಅಮೆರಿಕದಿಂದ ನಾವು ತಕ್ಷಣ ತೆಗೆದುಕೊಳ್ಳಬಹುದಾದ ಇನ್ನೊಂದು ನಿಯಮವಿದೆ. ಕೊಳ್ಳುವವನ ದಾರಿ ತಪ್ಪಿಸಬಹುದಾದ ಬೇರೆ ಊರಿನ ಅಥವಾ ದೇಶದ ಹೆಸರು ವಸ್ತುವಿನ ಮೇಲೆ ಕಂಡುಬಂದರೆ, ನಿಜವಾದ ಮೂಲ ದೇಶದ ಹೆಸರು ಅದರ ಸಮೀಪದಲ್ಲೇ, ಕಡಿಮೆಯೆಂದರೆ ಹೋಲಿಸಬಹುದಾದ ಗಾತ್ರದ ಅಕ್ಷರಗಳಲ್ಲಿ ಇರಬೇಕು. ‘ಜರ್ಮನ್ ಟೆಕ್ನಾಲಜಿ’ ಎಂಬ ದಪ್ಪ ಅಕ್ಷರಗಳ ಪಕ್ಕದಲ್ಲಿ ಅಷ್ಟೇ ದಪ್ಪಕ್ಕೆ ನಿಜವಾದ ದೇಶದ ಹೆಸರು ಇದ್ದಿದ್ದರೆ ನಾನು ಆ ಡಬ್ಬಿಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೆ. ಕೊಳ್ಳುತ್ತಲೂ ಇದ್ದೆನೇನೋ, ಆದರೆ ತಿಳಿದು ಕೊಳ್ಳುತ್ತಿದ್ದೆ.

ಉಕ್ಕಿನ ಮೇಲೆ ಹೆಸರು ಬರಬೇಕಾದರೆ ಹೊಸ ಕಾಯ್ದೆಯನ್ನೇ ತರಬೇಕಾಗಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 139ನೇ ಸೆಕ್ಷನ್ ತೆರೆದು ಓದಿ. ಯಾವುದೇ ವರ್ಗದ ಸರಕಿಗೆ, ಅದು ಆಮದಾಗಿರಲಿ ಭಾರತದಲ್ಲೇ ತಯಾರಾಗಿರಲಿ, ತಯಾರಾದ ದೇಶ ಅಥವಾ ಸ್ಥಳದ ಹೆಸರನ್ನು, ಇಲ್ಲವೇ ತಯಾರಕನ ಹೆಸರು ವಿಳಾಸವನ್ನು ಹಾಕುವಂತೆ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ವಿಧಿಸಬಹುದು. ಆ ಗುರುತು ಸರಕಿನ ಮೈಮೇಲೆಯೇ ಇರಬೇಕು ಎಂದೂ ಅದೇ ಅಧಿಸೂಚನೆಯಲ್ಲಿ ಹೇಳಬಹುದು. ಹಾಗೆ ವಿಧಿಸಿದ ಮೇಲೆ ಸುಳ್ಳು ದೇಶದ ಹೆಸರು ಹಾಕಿದವರಿಗೆ 103ನೇ ಸೆಕ್ಷನ್‌ನಲ್ಲಿ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಸ್ಪ್ಯಾನರ್, ಪ್ಲೇಯರ್, ಸುತ್ತಿಗೆ, ಅರ, ಉಳಿಗಳಿಗೆ ಈ ಅಧಿಕಾರವನ್ನು ಬಳಸಬೇಕಾದದ್ದು ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ.

ಸಣ್ಣ ತಯಾರಕರಿಗೆ ಇದು ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶೇ. 14ರಿಂದ 17ರ ಹಿನ್ನಡೆಯಲ್ಲಿ ಓಡುತ್ತಿರುವವರ ಮೇಲೆ ಇನ್ನೊಂದು ಕಡತ ಹೇರುವುದು ಸರಿಯಲ್ಲ. ಆದರೆ ಬಡಿದು ಮಾಡುವ ಉಪಕರಣದ ಅಳತೆಯ ಅಂಕಿಗಳು ಮೂಡುವುದೇ ಅಚ್ಚಿನಲ್ಲಿ. ಅಚ್ಚು ಕಡೆಯುವಾಗ ಇನ್ನು ನಾಲ್ಕು ಅಕ್ಷರ ಕಡೆದರೆ ಪ್ರತಿ ತುಂಡಿಗೂ ಬೇರೆ ಖರ್ಚಿಲ್ಲ, ಹೊಸ ಯಂತ್ರವೂ ಬೇಡ. ನನ್ನ 14ರ ಸ್ಪ್ಯಾನರಿನ ಹಿಡಿಯನ್ನು ಅಳೆದು ನೋಡಿದೆ. ‘ಕ್ರೋಮ್ ವೆನೇಡಿಯಂ’ ಎಂಬಷ್ಟು ಉದ್ದದ ಮಾತು ಹಿಡಿಸಿದ ಆ ಹಿಡಿಯ ಹಿಂಬದಿಯಲ್ಲಿ, 14 ಮತ್ತು 15ರ ನಡುವೆ, ಆರು ಸೆಂಟಿಮೀಟರ್ ಜಾಗ ಖಾಲಿ ಬಿದ್ದಿದೆ.